ಕ್ಯಾಪ್ಸೂಲ್ ನುಂಗಿದರೂ ಕೊಬ್ಬು ಜೀರ್ಣವಾಗುತ್ತಿಲ್ಲವೇಕೆ?

ಪ್ರಶ್ನೆ: ನನ್ನ ಯಜಮಾನರಿಗೆ 47 ವರ್ಷ. ಮೇದೋಜೀರಕ ಗ್ರಂಥಿಗೆ ದೀರ್ಘಕಾಲದ ಉರಿಯೂತವಿದೆ, ಅದು ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಎಂದು ವೈದ್ಯರು ಹೇಳಿದ್ದಾರೆ. ಸಕ್ಕರೆ ಕಾಯಿಲೆಯೂ ಬಂದು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. 25,000 ಯೂನಿಟ್‌ನ ಕಿಣ್ವದ ಕ್ಯಾಪ್ಸೂಲನ್ನು ಬೆಳಿಗ್ಗೆ ಗ್ಯಾಸ್ ಮಾತ್ರೆಯ ಜೊತೆ ಖಾಲಿ ಹೊಟ್ಟೆಯಲ್ಲಿ ಒಂದು, ರಾತ್ರಿ ಮಲಗುವ ಮುಂಚೆ ಒಂದು ನುಂಗುತ್ತಾರೆ. ಆದರೂ ಮಲ ಜಿಡ್ಡಾಗಿದೆ, ದುರ್ವಾಸನೆ ಇದೆ, ನೀರು ಹಾಕಿದರೂ ಹೋಗುವುದಿಲ್ಲ. ತೂಕ ಇಳಿಯುತ್ತಿದೆ. ರಕ್ತದ ವರದಿಯಲ್ಲಿ ಲೈಪೇಸ್ ಸರಿಯಾಗಿಯೇ ಇದೆ. ಕಿಣ್ವ ಕೆಲಸ ಮಾಡಲು ಕೋಫ್ಯಾಕ್ಟರ್ ಎಂಬ ಸಹಾಯಕ ವಸ್ತು ಬೇಕು ಎಂದು ಪರಿಚಿತರೊಬ್ಬರು ಸತು ಮತ್ತು ಮೆಗ್ನೀಷಿಯಂ ಇರುವ ಪುಡಿ ಕೊಡಿಸಿದ್ದಾರೆ. ಅದು ಬೇಕೇ? ತುಪ್ಪ, ಎಣ್ಣೆ ಪೂರ್ತಿ ನಿಲ್ಲಿಸಬೇಕೇ?

ಉತ್ತರ: ಮೊದಲು ನೇರ ಉತ್ತರ. ಆ ಪುಡಿ ಕೊಬ್ಬಿನ ಜೀರ್ಣಕ್ರಿಯೆಗೆ ಬೇಕಾಗಿಲ್ಲ. ತುಪ್ಪ, ಎಣ್ಣೆಯನ್ನು ಪೂರ್ತಿ ನಿಲ್ಲಿಸಬೇಡಿ. ಕ್ಯಾಪ್ಸೂಲ್ ಮಾತ್ರ ಹೊತ್ತಲ್ಲದ ಹೊತ್ತಿಗೆ ಹೊಟ್ಟೆ ಸೇರುತ್ತಿದೆ, ಅದರ ಪ್ರಮಾಣವೂ ಬಹುಶಃ ಸಾಲದು. ಇಷ್ಟನ್ನು ಹೇಳಿ ಮುಗಿಸಬಹುದಿತ್ತು. ಆದರೆ ಕಾರಣ ತಿಳಿಯದೆ ಪಾಲಿಸುವ ಸೂಚನೆ ಹೆಚ್ಚು ದಿನ ಉಳಿಯುವುದಿಲ್ಲ. ನಿಮ್ಮ ಪರಿಚಿತರ ಮಾತಿನಲ್ಲಿ ನಿಜದ ಒಂದು ಎಳೆಯೂ ಇದೆ: ಕೊಬ್ಬನ್ನು ಒಡೆಯುವ ಕಿಣ್ವವಾದ ಲೈಪೇಸ್ ಒಂಟಿಯಾಗಿ ಕೆಲಸ ಮಾಡಲಾರದು. ಅದಕ್ಕೆ ಜೊತೆಗಾರರು ಬೇಕು. ಆ ಜೊತೆಗಾರರು ಯಾರು ಎಂಬುದರಲ್ಲಿ ಮಾತ್ರ ಅವರು ತಪ್ಪಿದ್ದಾರೆ.

ಬಿಸಿ ಸಾರಿಗೆ ತುಪ್ಪ ಬಿಟ್ಟರೆ ಅದು ಮೇಲೆ ಕಣ್ಣುಕಣ್ಣಾಗಿ ತೇಲುವುದನ್ನು ದಿನವೂ ನೋಡುತ್ತೀರಿ. ಹೊಟ್ಟೆಯೊಳಗೂ ಕೊಬ್ಬಿನ ಸ್ವಭಾವ ಅದೇ. ಅನ್ನದ ಪಿಷ್ಟವಾಗಲಿ ಬೇಳೆಯ ಪ್ರೋಟೀನಾಗಲಿ ನೀರಿನೊಡನೆ ಬೆರೆಯುತ್ತವೆ, ಅವನ್ನು ಒಡೆಯುವ ಕಿಣ್ವಗಳೂ ನೀರಿನಲ್ಲೇ ಇರುತ್ತವೆ, ಆದ್ದರಿಂದ ಭೇಟಿ ಸುಲಭ. ಲೈಪೇಸ್ ಕೂಡ ನೀರಿನಲ್ಲಿ ಕರಗಿರುವ ಕಿಣ್ವವೇ. ಆದರೆ ಅದು ಒಡೆಯಬೇಕಾದ ಕೊಬ್ಬು ನೀರಿಗೆ ಸೇರುವುದಿಲ್ಲ. ಇಬ್ಬರೂ ಸಂಧಿಸಬಹುದಾದ ಜಾಗ ಒಂದೇ, ಕೊಬ್ಬಿನ ಹನಿಯ ಮೇಲ್ಮೈ. ಹನಿ ದೊಡ್ಡದಾದಷ್ಟೂ ಅದರೊಳಗೆ ಅಡಗಿ ಕುಳಿತ ಕೊಬ್ಬು ಹೆಚ್ಚು. ಒಂದು ಸೆಂಟಿಮೀಟರ್ ಅಗಲದ ಹನಿಯನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಸಣ್ಣ ಹನಿಗಳಾಗಿ ಒಡೆದರೆ ಒಟ್ಟು ಮೇಲ್ಮೈ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಕೊಬ್ಬು ಅರಗಿಸಲು ದೇಹ ಪಡುವ ಪಾಡೆಲ್ಲ ಈ ಮೇಲ್ಮೈಗಾಗಿ.

ಜಠರ ಆಹಾರವನ್ನು ಕಡೆದು ಹನಿಗಳನ್ನು ಒಡೆಯುತ್ತದೆ. ಅಲ್ಲಿಯೇ ಊರುವ ಜಠರದ ಲೈಪೇಸ್, ಆಮ್ಲವನ್ನು ತಾಳಿಕೊಂಡು, ಕೊಬ್ಬಿನ ಶೇಕಡ 10ರಿಂದ 30ರಷ್ಟನ್ನು ಒಡೆಯುತ್ತದೆ. ಇದು ಸಣ್ಣ ಕೆಲಸವೇನಲ್ಲ. ಹೀಗೆ ಬಿಡುಗಡೆಯಾದ ಕೊಬ್ಬಿನಾಮ್ಲಗಳು ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್‌ಗೆ ಇಳಿದಾಗ ಅದರ ಗೋಡೆಯಿಂದ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದರ ಸಂದೇಶಕ್ಕೆ ಪಿತ್ತಕೋಶ ಕುಗ್ಗಿ ಪಿತ್ತರಸ ಸುರಿಸುತ್ತದೆ, ಮೇದೋಜೀರಕ ಗ್ರಂಥಿ ಕಿಣ್ವಗಳನ್ನು ಕಳಿಸುತ್ತದೆ. ಜಠರದ ಆಮ್ಲ ತಗುಲಿದಾಗ ಇನ್ನೊಂದು ಹಾರ್ಮೋನು, ಸೆಕ್ರೆಟಿನ್, ಹೊರಡುತ್ತದೆ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡುಹಿಡಿದದ್ದು ಇದನ್ನೇ. ಇದರ ಅಪ್ಪಣೆಯಂತೆ ಗ್ರಂಥಿಯ ನಾಳಗಳಿಂದ ಬೈಕಾರ್ಬೊನೇಟ್ ಹರಿದು ಬಂದು ಆಮ್ಲವನ್ನು ತಣಿಸುತ್ತದೆ. ಇದೆಲ್ಲ ಒಟ್ಟಿಗೆ ನಡೆಯುವುದು ಊಟ ಕರುಳಿಗೆ ಇಳಿಯುವ ಹೊತ್ತಿಗೆ ಮಾತ್ರ ಎಂಬುದನ್ನು ನೆನಪಿಡಿ. ನಿಮ್ಮ ಮನೆಯ ಸಮಸ್ಯೆ ಇರುವುದು ಇಲ್ಲಿಯೇ.

ಪಿತ್ತರಸದಲ್ಲಿ ಕಿಣ್ವವಿಲ್ಲ, ಅದರ ಬಲವಿರುವುದು ಪಿತ್ತ ಲವಣಗಳಲ್ಲಿ. ಅವುಗಳ ಒಂದು ಮಗ್ಗುಲು ಕೊಬ್ಬಿಗೆ ಒಲಿಯುತ್ತದೆ, ಇನ್ನೊಂದು ನೀರಿಗೆ. ಅವು ಕೊಬ್ಬಿನ ಹನಿಯನ್ನು ಸುತ್ತುವರಿದು, ಒಡೆದ ಹನಿಗಳು ಮತ್ತೆ ಒಂದಾಗದಂತೆ ತಡೆಯುತ್ತವೆ. ಆದರೆ ಇದರಿಂದ ಹೊಸ ತೊಡಕು ಹುಟ್ಟುತ್ತದೆ. ಹನಿಯ ಮೇಲ್ಮೈಯನ್ನೆಲ್ಲ ಪಿತ್ತ ಲವಣಗಳೇ ಆಕ್ರಮಿಸಿದರೆ ಲೈಪೇಸ್‌ಗೆ ಜಾಗವೇ ಇರುವುದಿಲ್ಲ. ಶುದ್ಧ ಮಾಡಿದ ಲೈಪೇಸನ್ನು ಪ್ರಯೋಗಾಲಯದಲ್ಲಿ ಕೊಬ್ಬಿಗೆ ಸೇರಿಸಿದರೆ ಅದು ಕೆಲಸ ಮಾಡುತ್ತದೆ. ಕರುಳಿನಲ್ಲಿರುವಷ್ಟೇ ಪಿತ್ತ ಲವಣ ಬೆರೆಸಿದರೆ ಅದರ ಕೆಲಸ ನಿಂತುಹೋಗುತ್ತದೆ. ಜೀರ್ಣಕ್ಕೆ ನೆರವಾಗಬೇಕಾದ ಪಿತ್ತವೇ ಜೀರ್ಣಕ್ಕೆ ಅಡ್ಡಿಯಾದಂತೆ ಕಾಣುತ್ತದೆ.

ಈ ಗಂಟನ್ನು ಬಿಡಿಸುವ ವಸ್ತು ಕೋಲೈಪೇಸ್. ನೀವು ಕೇಳಿದ ಕೋಫ್ಯಾಕ್ಟರ್ ಎಂಬ ಹೆಸರು ನಿಜವಾಗಿ ಸಲ್ಲುವುದು ಇದಕ್ಕೆ. ಲೈಪೇಸ್‌ಗೆ ಹೋಲಿಸಿದರೆ ಗಾತ್ರದಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟಿರುವ ಪುಟ್ಟ ಪ್ರೋಟೀನು ಇದು, ಹುಟ್ಟುವುದು ಮೇದೋಜೀರಕ ಗ್ರಂಥಿಯಲ್ಲೇ. ತಾನಾಗಿ ಒಂದು ಹನಿ ಕೊಬ್ಬನ್ನೂ ಒಡೆಯಲಾರದು. ಆದರೆ ಪಿತ್ತ ಲವಣ ಕವಿದ ಮೇಲ್ಮೈಯಲ್ಲಿಯೂ ಅದು ತಳವೂರಬಲ್ಲದು, ಮತ್ತು ತನ್ನ ಇನ್ನೊಂದು ಬದಿಯಿಂದ ಲೈಪೇಸನ್ನು ಹಿಡಿದು ಅಲ್ಲಿ ನಿಲ್ಲಿಸಬಲ್ಲದು. ಒಂದು ಲೈಪೇಸ್‌ಗೆ ಒಂದು ಕೋಲೈಪೇಸ್, ಲೆಕ್ಕ ಅಷ್ಟು ನಿಖರ. ಲೈಪೇಸಿನ ಕೆಲಸದ ಗುಳಿಯನ್ನು ಮುಚ್ಚಿರುವ ಮುಚ್ಚಳದಂಥ ಭಾಗವೊಂದಿದೆ. ಕೊಬ್ಬಿನ ಮೇಲ್ಮೈ ಸಿಕ್ಕಾಗ ಅದು ಪಕ್ಕಕ್ಕೆ ಸರಿಯುತ್ತದೆ, ಸರಿದ ಮುಚ್ಚಳವನ್ನು ತೆರೆದೇ ಇಡಲು ಕೋಲೈಪೇಸ್ ಆಸರೆ ಕೊಡುತ್ತದೆ. ಆಗ ಲೈಪೇಸ್ ಮೂರು ಕೊಬ್ಬಿನಾಮ್ಲಗಳಿರುವ ಕೊಬ್ಬಿನ ಅಣುವಾದ ಟ್ರೈಗ್ಲಿಸರೈಡಿನ ಎರಡು ತುದಿಗಳ ಕೊಬ್ಬಿನಾಮ್ಲಗಳನ್ನು ಕತ್ತರಿಸುತ್ತದೆ. ನಡುವಿನದನ್ನು ಮುಟ್ಟುವುದಿಲ್ಲ. ಉಳಿಯುವುದು ಎರಡು ಬಿಡಿ ಕೊಬ್ಬಿನಾಮ್ಲ, ಒಂದು ಮಾನೋಗ್ಲಿಸರೈಡ್. ಇವನ್ನು ಪಿತ್ತ ಲವಣಗಳು ಮೈಸೆಲ್ ಎಂಬ ಅತಿಸೂಕ್ಷ್ಮ ಗುಂಪುಗಳಾಗಿ ಕಟ್ಟಿ ಕರುಳಿನ ಗೋಡೆಗೆ ತಲುಪಿಸುತ್ತವೆ. ಎ, ಡಿ, ಇ, ಕೆ ಜೀವಸತ್ವಗಳು ದೇಹ ಸೇರುವುದೂ ಇದೇ ದಾರಿಯಲ್ಲಿ.

ಹಂದಿಯ ಮೇದೋಜೀರಕದಿಂದ ತೆಗೆದ ಸಾರದಲ್ಲಿ ಲೈಪೇಸ್‌ಗೆ ಬಿಸಿಯನ್ನು ತಾಳಿಕೊಳ್ಳುವ ಜೊತೆವಸ್ತುವೊಂದು ಇದೆ, ಅದನ್ನು ಬೇರ್ಪಡಿಸಿದರೆ ಕಿಣ್ವ ನಿಷ್ಕ್ರಿಯವಾಗುತ್ತದೆ ಎಂದು ಒಟ್ಟೋ ರೋಸೆನ್‌ಹೈಮ್ 1910ರಲ್ಲಿಯೇ ತೋರಿಸಿದ್ದರು. ಅದರ ಕೆಲಸದ ಬಗೆ ಸ್ಪಷ್ಟವಾದದ್ದು 1970ರ ದಶಕದಲ್ಲಿ, ಸ್ವೀಡನ್ನಿನ ಬೋರ್ಗ್‌ಸ್ಟ್ರೋಮ್ ಮತ್ತು ಎರ್ಲಾನ್‌ಸನ್ ಅವರ ಪ್ರಯೋಗಗಳಿಂದ. ಇನ್ನೂ ಹಿಂದಕ್ಕೆ ಹೋದರೆ ನನಗೆ ಬಹಳ ಪ್ರಿಯವಾದ ಒಂದು ಅವಲೋಕನವಿದೆ. 1840ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲೋದ್ ಬೆರ್ನಾರ್ ಮೊಲಗಳಿಗೆ ಕೊಬ್ಬು ತಿನ್ನಿಸಿ ಕರುಳನ್ನು ಪರೀಕ್ಷಿಸಿದರು. ಮೊಲದಲ್ಲಿ ಪಿತ್ತನಾಳ ಕರುಳಿನ ಮೇಲ್ಭಾಗದಲ್ಲೇ ತೆರೆದುಕೊಳ್ಳುತ್ತದೆ, ಮೇದೋಜೀರಕದ ನಾಳ ಅಲ್ಲಿಂದ ಬಹಳ ಕೆಳಗೆ. ಕೊಬ್ಬು ತುಂಬಿ ಹಾಲಿನಂತೆ ಬೆಳ್ಳಗಾದ ದುಗ್ಧನಾಳಗಳು (ಕರುಳಿನಿಂದ ಕೊಬ್ಬನ್ನು ಒಯ್ಯುವ ನಾಳಗಳು) ಕಂಡದ್ದು ಮೇದೋಜೀರಕದ ನಾಳದ ಕೆಳಗೆ ಮಾತ್ರ. ಕೊಬ್ಬು ಜೀರ್ಣಿಸುವುದು ಮೇದೋಜೀರಕದ ರಸ ಎಂದು ಬೆರ್ನಾರ್ ತೀರ್ಮಾನಿಸಿದರು. ಮುಂದೆ ಅವರ ಶಿಷ್ಯ ಅಲ್ಬೇರ್ ದಾಸ್ತ್ರ್ ನಾಯಿಗಳಲ್ಲಿ ಇದನ್ನು ತಿರುಗಿಸಿ ನೋಡಿದರು. ಶಸ್ತ್ರಕ್ರಿಯೆಯಿಂದ ಪಿತ್ತರಸ ಕರುಳಿನ ಕೆಳಭಾಗಕ್ಕೆ ಬೀಳುವಂತೆ ಮಾಡಿದರು, ಮೇದೋಜೀರಕದ ರಸ ಮಾಮೂಲಿನಂತೆ ಮೇಲೆಯೇ ಬರುತ್ತಿತ್ತು. ಈಗ ನಾಳಗಳು ಬೆಳ್ಳಗಾದದ್ದು ಪಿತ್ತ ಬೀಳುವ ಜಾಗದಿಂದ ಕೆಳಗೆ. ಎರಡು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಎರಡೂ ರಸಗಳು ಸೇರಿದ ಮೇಲೆಯೇ ಕೊಬ್ಬು ದೇಹಕ್ಕೆ ಇಳಿಯುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಕೋಲೈಪೇಸ್ ಎಂಬ ಹೆಸರು ಹುಟ್ಟುವುದಕ್ಕೆ ಬಹಳ ಮೊದಲೇ ಇದು ಗೊತ್ತಾಗಿತ್ತು.

ಉಳಿದ ಜೊತೆಗಾರರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೋಲೈಪೇಸ್ ಗ್ರಂಥಿಯಿಂದ ಹೊರಡುವಾಗ ಪೂರ್ಣ ರೂಪದಲ್ಲಿರುವುದಿಲ್ಲ. ಕರುಳಿನಲ್ಲಿ ಟ್ರಿಪ್ಸಿನ್ ಎಂಬ ಪ್ರೋಟೀನ್ ಒಡೆಯುವ ಕಿಣ್ವ ಅದರ ತುದಿಯ ಸಣ್ಣ ತುಣುಕೊಂದನ್ನು ಕತ್ತರಿಸಿ ಅದನ್ನು ಸಿದ್ಧಗೊಳಿಸುತ್ತದೆ. ಫಾಸ್ಫೊಲೈಪೇಸ್ ಎ2 ಎಂಬ ಇನ್ನೊಂದು ಕಿಣ್ವವನ್ನು ಎಚ್ಚರಿಸುವುದೂ ಟ್ರಿಪ್ಸಿನ್ನೇ. ಪಿತ್ತರಸದ, ಮೊಟ್ಟೆಯ, ಸೋಯಾದ ಲೆಸಿಥಿನ್‌ನಂಥ ಫಾಸ್ಫೊಲಿಪಿಡ್‌ಗಳನ್ನು ಒಡೆಯುವ ಈ ಕಿಣ್ವಕ್ಕೆ ಕ್ಯಾಲ್ಸಿಯಂ ಇಲ್ಲದೆ ನಡೆಯುವುದಿಲ್ಲ. ಲೈಪೇಸ್‌ಗೂ ಕ್ಯಾಲ್ಸಿಯಂ ನೆರವಾಗುತ್ತದೆ: ಹನಿಯ ಮೇಲೆ ಗುಂಪುಗೂಡುವ ಕೊಬ್ಬಿನಾಮ್ಲಗಳನ್ನು ಸರಿಸಿ ಮುಂದಿನ ಕೆಲಸಕ್ಕೆ ಜಾಗ ಮಾಡಿಕೊಡುತ್ತದೆ. ಕೊಲೆಸ್ಟರಾಲ್ ಎಸ್ಟರೇಸ್ ಎಂಬ ಮೂರನೆಯ ಕಿಣ್ವ ಪಿತ್ತ ಲವಣವಿದ್ದರೆ ಮಾತ್ರ ಚುರುಕಾಗುತ್ತದೆ. ಇದೇ ಕಿಣ್ವ ತಾಯಿಯ ಎದೆಹಾಲಿನಲ್ಲಿಯೂ ಇದೆ. ನವಜಾತ ಶಿಶುವಿನ ಮೇದೋಜೀರಕ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಹಾಲಿನ ಕೊಬ್ಬನ್ನು ಅರಗಿಸುವ ಕಿಣ್ವವನ್ನು ತಾಯಿ ಹಾಲಿನೊಡನೆಯೇ ಕಳಿಸುತ್ತಾಳೆ. ಎದೆಹಾಲಿನ ಮಹತ್ವ ಹೇಳುವಾಗ ನಾವು ಈ ವಿಷಯವನ್ನು ಸಾಕಷ್ಟು ಹೇಳುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಬೈಕಾರ್ಬೊನೇಟ್. ಕೋಲೈಪೇಸಿನಷ್ಟೇ ತೂಕವನ್ನು ನಾನು ಇದಕ್ಕೂ ಕೊಡುತ್ತೇನೆ, ಏಕೆಂದರೆ ನಿಮ್ಮ ಯಜಮಾನರ ಕಾಯಿಲೆಯಲ್ಲಿ ಇದರ ಕೊರತೆ ಎರಡು ಕಡೆ ಪೆಟ್ಟು ಕೊಡುತ್ತದೆ. ಮೇದೋಜೀರಕದ ಲೈಪೇಸ್ ಆಮ್ಲವನ್ನು ಸಹಿಸದು. ಆಮ್ಲೀಯತೆಯ ಅಳತೆಯಾದ ಪಿಎಚ್ 4ಕ್ಕಿಂತ ಕೆಳಗೆ ಇಳಿದರೆ (ಸಂಖ್ಯೆ ಇಳಿದಷ್ಟೂ ಆಮ್ಲ ಹೆಚ್ಚು) ಅದು ಮತ್ತೆ ಸರಿಹೋಗದಂತೆ ಕೆಡುತ್ತದೆ. ಪಿತ್ತ ಲವಣಗಳು ಕೂಡ ಆಮ್ಲೀಯ ವಾತಾವರಣದಲ್ಲಿ ಕರಗಿ ಉಳಿಯದೆ ಗಸಿಯಾಗಿ ಕೆಳಗಿಳಿಯುತ್ತವೆ, ಆಗ ಮೈಸೆಲ್ ಕಟ್ಟುವುದೂ ನಿಲ್ಲುತ್ತದೆ. ಗ್ರಂಥಿ ಸವೆದಾಗ ಕಿಣ್ವದೊಂದಿಗೆ ಬೈಕಾರ್ಬೊನೇಟೂ ಕಡಿಮೆಯಾಗುತ್ತದೆ. ನಿಮ್ಮ ವೈದ್ಯರು ಕೊಟ್ಟಿರುವ ಗ್ಯಾಸ್ ಮಾತ್ರೆ ಆಮ್ಲವನ್ನು ತಗ್ಗಿಸುವುದರಿಂದ ಈ ಕೊರತೆಯನ್ನು ಒಂದಿಷ್ಟು ತುಂಬಿಕೊಡುತ್ತದೆ. ಅದು ಸುಮ್ಮನೆ ಸೇರಿಸಿದ ಮಾತ್ರೆಯಲ್ಲ, ಬಿಡಬೇಡಿ.

ಮೇದೋಜೀರಕಕ್ಕೆ ಮೀಸಲು ಶಕ್ತಿ ಬಹಳ. ಲೈಪೇಸ್ ಸ್ರಾವ ಸಹಜದ ಶೇಕಡ 10ಕ್ಕಿಂತ ಕೆಳಗೆ ಇಳಿಯುವವರೆಗೆ ಮಲದಲ್ಲಿ ಜಿಡ್ಡು ಕಾಣಿಸಿಕೊಳ್ಳುವುದಿಲ್ಲ. ಹಾಗಾಗಿ ಜಿಡ್ಡು ಮಲ ಕಂಡಿತೆಂದರೆ ಗ್ರಂಥಿಯ ಬಹುಪಾಲು ಆಗಲೇ ಕೈಬಿಟ್ಟಿದೆ ಎಂದರ್ಥ. ಮೊದಲು ಕೆಡುವುದು ಕೊಬ್ಬಿನ ಜೀರ್ಣವೇ. ಪಿಷ್ಟಕ್ಕೆ ಬಾಯಿಯ ಜೊಲ್ಲಿನ ಅಮೈಲೇಸ್ ನೆರವಾಗುತ್ತದೆ, ಪ್ರೋಟೀನಿಗೆ ಜಠರದ ಪೆಪ್ಸಿನ್ ಇದೆ. ಕೊಬ್ಬಿಗೆ ಜಠರದ ಲೈಪೇಸನ್ನು ಬಿಟ್ಟರೆ ಬೇರೆ ಗತಿಯಿಲ್ಲ, ಅದೊಂದೇ ಸಾಲುವುದೂ ಇಲ್ಲ.

ರಕ್ತದ ಲೈಪೇಸ್ ವರದಿಯ ಬಗ್ಗೆ: ಅದು ಗ್ರಂಥಿ ಕರುಳಿಗೆ ಎಷ್ಟು ಕಿಣ್ವ ಕಳಿಸುತ್ತಿದೆ ಎಂಬುದನ್ನು ತಿಳಿಸುವ ಪರೀಕ್ಷೆಯಲ್ಲ. ಗ್ರಂಥಿಗೆ ಹಠಾತ್ ಉರಿಯೂತ ಬಂದಾಗ ಕಿಣ್ವ ರಕ್ತಕ್ಕೆ ಸೋರುತ್ತದೆ, ಆಗ ಸಂಖ್ಯೆ ಏರುತ್ತದೆ. ವರ್ಷಗಟ್ಟಲೆ ಸವೆದ ಗ್ರಂಥಿಯಲ್ಲಿ ಸೋರುವುದಕ್ಕೂ ಹೆಚ್ಚೇನೂ ಉಳಿದಿರುವುದಿಲ್ಲ, ಸಂಖ್ಯೆ ಸಹಜವಾಗಿಯೋ ಕಡಿಮೆಯಾಗಿಯೋ ಕಾಣುತ್ತದೆ. ಆ ವರದಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಬೇಕಾದ ಪರೀಕ್ಷೆ ಮಲದಲ್ಲಿನ ಎಲಾಸ್ಟೇಸ್, ಅಂದರೆ ಮೇದೋಜೀರಕದ ಇನ್ನೊಂದು ಕಿಣ್ವದ್ದು. ಒಂದು ಗ್ರಾಂ ಮಲದಲ್ಲಿ 200 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯ ಅನುಮಾನ, 100ಕ್ಕಿಂತ ಕೆಳಗಿದ್ದರೆ ಕೊರತೆ ತೀವ್ರವಾಗಿರುವ ಸಂಭವ ಹೆಚ್ಚು. ಮಲ ನೀರಾಗಿರುವ ದಿನ ಮಾದರಿ ಕೊಡಬಾರದು, ಸಂಖ್ಯೆ ಸುಳ್ಳಾಗಿ ಕಡಿಮೆ ತೋರುತ್ತದೆ. ಈ ಪರೀಕ್ಷೆಗಾಗಿ ಕ್ಯಾಪ್ಸೂಲ್ ನಿಲ್ಲಿಸಬೇಕಾಗಿಲ್ಲ, ಅದು ಅಳೆಯುವುದು ಮನುಷ್ಯರ ಎಲಾಸ್ಟೇಸನ್ನು ಮಾತ್ರ.

ಕ್ಯಾಪ್ಸೂಲಿನೊಳಗೆ ಇರುವುದು ಪ್ಯಾಂಕ್ರಿಯಾಟಿನ್, ಅಂದರೆ ಹಂದಿಯ ಮೇದೋಜೀರಕದ ಸಾರ. ಸಸ್ಯಾಹಾರಿ ಕುಟುಂಬಗಳಿಗೂ, ಧರ್ಮದ ಕಾರಣಕ್ಕೆ ಹಂದಿಯನ್ನು ವರ್ಜಿಸುವವರಿಗೂ ಇದನ್ನು ಮೊದಲೇ ತಿಳಿಸಬೇಕು, ತಿಳಿದ ಮೇಲೆ ನಿರ್ಧಾರ ಅವರದು. ಇಷ್ಟೇ ಬಲವಾಗಿ ಕೆಲಸ ಮಾಡುವ ಸಸ್ಯಮೂಲದ ಬದಲಿ ಸದ್ಯಕ್ಕೆ ವೈದ್ಯರ ಕೈಯಲ್ಲಿಲ್ಲ. ಇಡೀ ಗ್ರಂಥಿಯ ಸಾರವಾದ್ದರಿಂದ ಅದರಲ್ಲಿ ಲೈಪೇಸ್ ಜೊತೆಗೆ ಕೋಲೈಪೇಸ್, ಪ್ರೋಟೀನ್ ಒಡೆಯುವ ಕಿಣ್ವಗಳು, ಅಮೈಲೇಸ್ ಎಲ್ಲವೂ ಇರುತ್ತವೆ. ಅಂದರೆ ನಿಮ್ಮ ಪರಿಚಿತರು ಹೇಳಿದ ಕೋಫ್ಯಾಕ್ಟರ್ ಕ್ಯಾಪ್ಸೂಲಿನಲ್ಲೇ ಬಂದಿದೆ. ಪಿತ್ತ ಲವಣವನ್ನು ಯಕೃತ್ತು ಒದಗಿಸುತ್ತದೆ. ಕ್ಯಾಲ್ಸಿಯಂ ಊಟದಲ್ಲೂ ಜೀರ್ಣರಸದಲ್ಲೂ ಇದೆ. ಲೈಪೇಸ್‌ಗೆ ಸತುವಾಗಲಿ ಮೆಗ್ನೀಷಿಯಂ ಆಗಲಿ ಬೇಕಿಲ್ಲ. ಸತು ಬೇಕಾಗುವುದು ಪ್ರೋಟೀನ್ ಒಡೆಯುವ ಕಾರ್ಬಾಕ್ಸಿಪೆಪ್ಟಿಡೇಸ್‌ನಂಥ ಬೇರೆ ಕಿಣ್ವಗಳಿಗೆ. ಈ ಕಾಯಿಲೆಯಲ್ಲಿ ಸತುವಿನ ಕೊರತೆ ಆಗಬಹುದು ನಿಜ, ಆದರೆ ಅದನ್ನು ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಬೇಕು.

ಕ್ಯಾಪ್ಸೂಲಿನೊಳಗಿನ ಸಣ್ಣ ಗುಳಿಗೆಗಳಿಗೆ ಆಮ್ಲದಲ್ಲಿ ಕರಗದ ಲೇಪವಿದೆ. ಅವು ಅನ್ನದೊಂದಿಗೆ ಬೆರೆತು, ಅನ್ನದೊಂದಿಗೇ ಜಠರದಿಂದ ಕೆಳಗಿಳಿದು, ಪಿಎಚ್ ಸುಮಾರು 5.5 ದಾಟಿದಾಗ ತೆರೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಗುಳಿಗೆಗಳು ಒಂಟಿಯಾಗಿ ಕರುಳಿಗೆ ಹೋಗುತ್ತವೆ. ಅಲ್ಲಿ ಒಡೆಯಲು ಕೊಬ್ಬಿಲ್ಲ, ಪಿತ್ತಕೋಶಕ್ಕೆ ಕುಗ್ಗುವ ಸಂದೇಶ ಬಂದಿಲ್ಲ. ಮೇಲಾಗಿ ಜೊತೆಯಲ್ಲೇ ಇರುವ ಪ್ರೋಟೀನ್ ಒಡೆಯುವ ಕಿಣ್ವಗಳು ಲೈಪೇಸನ್ನೇ ನಾಶ ಮಾಡುತ್ತವೆ. ಮಧ್ಯಾಹ್ನದ ಊಟ ಬರುವ ಹೊತ್ತಿಗೆ ಬೆಳಗಿನ ಕ್ಯಾಪ್ಸೂಲಿನಿಂದ ಏನೂ ಉಳಿದಿರುವುದಿಲ್ಲ.

ಆದ್ದರಿಂದ ಗ್ಯಾಸ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲು, ಕಿಣ್ವದ ಕ್ಯಾಪ್ಸೂಲ್ ಮೊದಲ ತುತ್ತಿನೊಡನೆ. ಒಂದಕ್ಕಿಂತ ಹೆಚ್ಚು ಕ್ಯಾಪ್ಸೂಲ್ ಇದ್ದರೆ ಒಂದನ್ನು ಆರಂಭದಲ್ಲಿ, ಉಳಿದದ್ದನ್ನು ಊಟದ ನಡುವೆ. ವಯಸ್ಕರಿಗೆ ಆರಂಭದಲ್ಲಿ ಸಾಮಾನ್ಯವಾಗಿ ಸೂಚಿಸುವುದು ಪೂರ್ತಿ ಊಟಕ್ಕೆ 40,000ರಿಂದ 50,000 ಲೈಪೇಸ್ ಯೂನಿಟ್, ಚಿಕ್ಕ ತಿಂಡಿಗೆ ಅದರ ಅರ್ಧ. ನಿಮ್ಮ ಯಜಮಾನರಿಗೆ ಇಡೀ ದಿನಕ್ಕೆ ಹೋಗುತ್ತಿರುವುದು 50,000. ಪ್ರಮಾಣವನ್ನು ನೀವಾಗಿ ಬದಲಿಸಬೇಡಿ, ಈ ಲೆಕ್ಕವನ್ನು ವೈದ್ಯರ ಮುಂದಿಟ್ಟು ಕೇಳಿ. ಬೆಳಗಿನ ದೋಸೆ, ಸಂಜೆಯ ಚಕ್ಕುಲಿ, ಒಂದು ಲೋಟ ಹಾಲು, ಇವುಗಳಲ್ಲೆಲ್ಲ ಕೊಬ್ಬಿದೆ, ಇವಕ್ಕೂ ಕಿಣ್ವ ಬೇಕು. ಎಳನೀರಿಗೆ, ಬರಿಯ ಹಣ್ಣಿಗೆ ಬೇಡ. ಕ್ಯಾಪ್ಸೂಲನ್ನು ತಣ್ಣೀರಿನಲ್ಲಿ ನುಂಗಬೇಕು, ಬಿಸಿ ಕಾಫಿಯಲ್ಲಿ ಅಲ್ಲ. ಗುಳಿಗೆಗಳನ್ನು ಜಗಿಯಬಾರದು, ಅರೆಯಬಾರದು, ಬಿಸಿ ಗಂಜಿಗೆ ಉದುರಿಸಬಾರದು. ಬೇಸಗೆಯಲ್ಲಿ ಡಬ್ಬಿಯನ್ನು ವಾಹನದಲ್ಲಿ ಬಿಟ್ಟು ಬರಬೇಡಿ, ಶಾಖಕ್ಕೆ ಕಿಣ್ವ ಕೆಡುತ್ತದೆ. ಔಷಧದಂಗಡಿಯಲ್ಲಿ ಜೀರ್ಣಕ್ಕೆಂದು ಕೊಡುವ ಸಿರಪ್‌ಗಳು ಇದಕ್ಕೆ ಬದಲಿಯಲ್ಲ. ಅವುಗಳಲ್ಲಿ ಹೆಚ್ಚಾಗಿ ಇರುವುದು ಪಿಷ್ಟ ಒಡೆಯುವ ಡಯಾಸ್ಟೇಸ್ ಮತ್ತು ಪೆಪ್ಸಿನ್. ಲೇಬಲ್ಲಿನ ಮೇಲೆ ಲೈಪೇಸ್ ಯೂನಿಟ್ ಎಷ್ಟೆಂದು ಬರೆದಿರದಿದ್ದರೆ ಅದು ನಿಮಗಲ್ಲ.

ತುಪ್ಪದ ಪ್ರಶ್ನೆ. ಈ ಕಾಯಿಲೆಗೆ ಹಿಂದೆ ಕೊಬ್ಬನ್ನು ಬಿಗಿಯಾಗಿ ಕಡಿಮೆ ಮಾಡಿಸುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು ಕ್ಯಾಲೊರಿ ಇದೆ, ತೂಕ ಇಳಿಯುತ್ತಿರುವವರಿಂದ ಅದನ್ನು ಕಿತ್ತುಕೊಂಡರೆ ಅವರು ಇನ್ನಷ್ಟು ಸೊರಗುತ್ತಾರೆ. ಸಾಧಾರಣ ಮನೆ ಅಡುಗೆಯ ಒಗ್ಗರಣೆ, ಅನ್ನಕ್ಕೆ ಒಂದು ಚಮಚ ತುಪ್ಪ ಇರಲಿ, ಅದನ್ನು ದಿನದ ಊಟಗಳಿಗೆ ಹಂಚಿ ಬಡಿಸಿ, ಕಿಣ್ವವನ್ನು ಅದಕ್ಕೆ ಹೊಂದಿಸಿಕೊಳ್ಳಿ. ತೆಂಗಿನೆಣ್ಣೆಗೆ ಬದಲಾಯಿಸಿದರೆ ಲೈಪೇಸೇ ಬೇಡ ಎಂಬ ಮಾತನ್ನು ಯಾರಾದರೂ ನಿಮಗೆ ಹೇಳಿಯಾರು. ಎಂಟು, ಹತ್ತು ಇಂಗಾಲದ ಚಿಕ್ಕ ಕೊಬ್ಬಿನಾಮ್ಲಗಳು ಸುಲಭವಾಗಿ ಅರಗಿ ನೇರ ಯಕೃತ್ತಿಗೆ ಹೋಗುತ್ತವೆ ಎಂಬುದು ಸರಿ, ಎಂಸಿಟಿ, ಅಂದರೆ ಮಧ್ಯಮ ಸರಪಳಿಯ ಕೊಬ್ಬಿನ ಎಣ್ಣೆ, ತಯಾರಾಗುವುದು ಅವುಗಳಿಂದ. ತೆಂಗಿನೆಣ್ಣೆಯಲ್ಲಿ ಅವುಗಳ ಪಾಲು ಸಣ್ಣದು, ಸುಮಾರು ಅರ್ಧದಷ್ಟು ಇರುವುದು ಹನ್ನೆರಡು ಇಂಗಾಲದ ಲಾರಿಕ್ ಆಮ್ಲ. ಕರಾವಳಿಯ ಮನೆಯಾದರೆ ರೂಢಿಯಂತೆ ಬಳಸಿ, ಔಷಧವೆಂದು ಬಳಸಬೇಡಿ. ಮದ್ಯ ಮತ್ತು ಬೀಡಿ ಸಿಗರೇಟು ಇದ್ದರೆ ಅವನ್ನು ಬಿಡಲೇಬೇಕು, ಅದರಲ್ಲಿ ರಾಜಿಯಿಲ್ಲ.

ಅರಗದ ಕೊಬ್ಬು ಕರುಳಿನಲ್ಲಿ ಕ್ಯಾಲ್ಸಿಯಮ್ಮನ್ನು ಕಟ್ಟಿಕೊಂಡು ಹೊರಗೆ ಒಯ್ಯುತ್ತದೆ. ಕ್ಯಾಲ್ಸಿಯಂ ಕೈತಪ್ಪಿದ ಆಕ್ಸಲೇಟ್ ಎಂಬ ಆಹಾರದಲ್ಲಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು. ಡಿ ಜೀವಸತ್ವವೂ ನಷ್ಟವಾಗಿ ಮೂಳೆ ಬಲಹೀನವಾಗುತ್ತದೆ. ಇರುಳುಗಣ್ಣು, ಸಣ್ಣ ಪೆಟ್ಟಿಗೂ ರಕ್ತ ಹೆಪ್ಪುಗಟ್ಟದಿರುವುದು ಎ ಮತ್ತು ಕೆ ಜೀವಸತ್ವಗಳ ಕೊರತೆಯನ್ನು ಸೂಚಿಸಬಹುದು. ಮುಂದಿನ ಭೇಟಿಯಲ್ಲಿ ಈ ಜೀವಸತ್ವಗಳ ಮಟ್ಟ ಮತ್ತು ಮೂಳೆಯ ಸಾಂದ್ರತೆಯ ಪರೀಕ್ಷೆಯ ಬಗ್ಗೆ ಕೇಳಿ. ಹೊತ್ತು ಮತ್ತು ಪ್ರಮಾಣ ಸರಿಮಾಡಿದ ಮೇಲೂ ಕೆಲವು ವಾರಗಳಲ್ಲಿ ಜಿಡ್ಡು ಕಡಿಮೆಯಾಗದಿದ್ದರೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದಿರಬಹುದು, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಯ ಸೋಂಕು ಇರಬಹುದು, ಪಿತ್ತನಾಳಕ್ಕೆ ಅಡ್ಡಿ ಇರಬಹುದು. ಕಣ್ಣು ಹಳದಿಯಾದರೆ, ಜ್ವರ ಬಂದರೆ, ಹೊಟ್ಟೆನೋವು ಹೆಚ್ಚಿದರೆ ಭೇಟಿಯ ದಿನಕ್ಕೆ ಕಾಯದೆ ಹೋಗಿ.

ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ ಎಂದು ಬರೆದಿದ್ದೀರಿ, ಅದಕ್ಕಾಗಿ ಒಂದು ಎಚ್ಚರಿಕೆ. ಈವರೆಗೆ ತಿಂದದ್ದರಲ್ಲಿ ಒಂದು ಪಾಲು ದೇಹ ಸೇರದೆ ಹೊರಹೋಗುತ್ತಿತ್ತು. ಕಿಣ್ವ ಸರಿಯಾಗಿ ಕೆಲಸ ಮಾಡತೊಡಗಿದಾಗ ಅದೇ ಊಟಕ್ಕೆ ಸಕ್ಕರೆಯ ಲೆಕ್ಕ ಬದಲಾಗುತ್ತದೆ. ಕ್ಯಾಪ್ಸೂಲಿನ ಹೊತ್ತು ಬದಲಿಸುವ ಮುನ್ನ ಇನ್ಸುಲಿನ್ ಬರೆದುಕೊಟ್ಟ ವೈದ್ಯರಿಗೂ ತಿಳಿಸಿ, ಮೊದಲ ಕೆಲವು ವಾರ ಊಟದ ಮುಂಚೆ ಮತ್ತು ಎರಡು ಗಂಟೆಯ ನಂತರ ಮನೆಯಲ್ಲೇ ಸಕ್ಕರೆ ನೋಡಿ ಬರೆದಿಡಿ, ಆ ಪುಸ್ತಕವನ್ನು ಇಬ್ಬರು ವೈದ್ಯರಿಗೂ ತೋರಿಸಿ.